ಬೆಂಚಿನ ಕೆಳಗಿನ ಗಡಿಗೆ

ನಮ್ಮ ರುಜಾಕ್ ಅಂಗಡಿಯಲ್ಲಿ ದೆವ್ವ ಇದೆ ಎಂದು ಮೊದಲು ಬಾಯಿ ಬಿಟ್ಟವನು ಮಿಸ್ಕಾನ್. ಪೆನೆಲೆ ಗಲ್ಲಿಯ ತಿರುವಿನಲ್ಲಿ ಬೈಕುಗಳ ಟ್ಯೂಬಿಗೆ ತೇಪೆ ಹಾಕಿಕೊಂಡು ಕೂತಿರುತ್ತಾನೆ. ವಯಸ್ಸಿನಲ್ಲಿ ದೊಡ್ಡವನಾದ್ದರಿಂದ ಎಲ್ಲರಂತೆ ನಾನೂ ಅವನನ್ನು ಚಾಕ್ ಎಂದು, ಅಂದರೆ ಅಣ್ಣ ಎಂದು, ಕರೆಯಬೇಕು. ಕರೆಯುತ್ತೇನೆ. ಹಲ್ಲು ಕಚ್ಚಿಕೊಂಡು ಕರೆಯುತ್ತೇನೆ.

ಅವತ್ತು ನಾನು ಬೈಕಿಗೆ ಗಾಳಿ ಹೊಡೆಸಲು ನಿಂತಿದ್ದೆ. ಅವನು ಪಂಪು ಒತ್ತುತ್ತಾ, ತಲೆ ಎತ್ತದೆ ಕೇಳಿದ.

"ಸುಕ್ರೋನ್, ನಿಮ್ಮವ್ವ ಒರಳಿನ ಮುಂದೆ ಕೂತು ಏನೋ ಗೊಣಗ್ತಾರಲ್ಲ, ಅದೇನು?"

"ಏನು ಗೊಣಗ್ತಾರೆ?"

"ನನ್ನ ಕೇಳಿದ್ರೆ? ನೀನು ಮಗ. ಮನೆಗೆ ಕಟ್ಟಿಸ್ಕೊಂಡು ಹೋಗೋರು ಬಂದಾಗ್ಲೆಲ್ಲ ಬೆಂಚಿನ ಕೆಳಗೆ ಕೈ ಹಾಕ್ತಾರೆ, ತುಟಿ ಅಲ್ಲಾಡತ್ತೆ. ನಾನೊಬ್ಬನೇ ನೋಡಿರೋದಲ್ಲ."

"ಚಾಕ್, ಗಾಳಿ ಹೊಡಿ."

"ಹೊಡೀತಿದೀನಪ್ಪ. ಇನ್ನೊಂದು ಮಾತು. ನಿಮ್ಮ ರುಜಾಕ್ ಅಲ್ಲೇ ಕೂತು ತಿಂದ್ರೆ ತಟ್ಟೆ ನೆಕ್ಕೋ ಹಾಗಿರತ್ತೆ. ಮನೆಗೆ ತಂದು ಬಿಚ್ಚಿದ್ರೆ ಹುಲ್ಲು. ಅದಕ್ಕೆ ಏನಂತಾರೆ ಅಂತ ನಿನಗೂ ಗೊತ್ತು, ನನಗೂ ಗೊತ್ತು."

ಗೊತ್ತು. ಸುರಬಾಯಾದಲ್ಲಿ ಹಾಲು ಕುಡಿಯುವ ಕೂಸಿಗೂ ಗೊತ್ತು. ಅಂಗಡಿಯಲ್ಲಿ ರುಚಿ, ಮನೆಯಲ್ಲಿ ಸಪ್ಪೆ ಎಂದರೆ ಅಂಗಡಿಯವರು ವ್ಯಾಪಾರ ಕುದುರಲೆಂದು ಏನನ್ನೋ ಕೂರಿಸಿಕೊಂಡಿದ್ದಾರೆ. ಕಫನ್ ಸುತ್ತಿದ ಹೆಣದಂಥದ್ದೊಂದು ಒಲೆಯ ಪಕ್ಕ ನಿಂತು ಜೊಲ್ಲು ಸುರಿಸುತ್ತದೆ, ಆ ಜೊಲ್ಲಿನಿಂದಲೇ ರುಚಿ. ಅದಕ್ಕೆ ಅಂಗಡಿ ಬಿಟ್ಟು ಬರಲಾಗುವುದಿಲ್ಲ, ಆದ್ದರಿಂದ ಪೊಟ್ಟಣದಲ್ಲಿ ರುಚಿ ಬರುವುದಿಲ್ಲ. ನಾನೇ ಎಷ್ಟೋ ಅಂಗಡಿಗಳ ಬಗ್ಗೆ ಹೀಗೆ ಹೇಳಿಕೊಂಡು ನಕ್ಕಿದ್ದೇನೆ. ಈಗ ಅದು ನಮ್ಮ ಬೆಂಚಿಗೇ ಬಂದು ಕೂತಿತ್ತು.

ಪಂಪನ್ನು ಅವನ ಕೈಯಿಂದ ಕಿತ್ತು ಚರಂಡಿಗೆ ಎಸೆದೆ. ಆಮೇಲೆ ನಾನೇ ಇಳಿದು ತೆಗೆದುಕೊಡಬೇಕಾಯಿತು. ನನ್ನ ಬೈಕಿನ ಹಿಂದಿನ ಚಕ್ರಕ್ಕೆ ಇನ್ನೂ ಗಾಳಿ ತುಂಬಿರಲಿಲ್ಲ.

ನಮ್ಮ ಅಂಗಡಿ ಎಂದರೆ ಹೆಚ್ಚೇನಿಲ್ಲ. ಗಲ್ಲಿಯ ಸಣ್ಣ ಮಸೀದಿಯ ಹೊರಗೋಡೆಗೆ ಒರಗಿಸಿದ ತಗಡಿನ ಮಾಡು, ಅದರಡಿ ತಗ್ಗಾದ ಅಗಲ ಬೆಂಚು, ಬೆಂಚಿನ ಮೇಲೆ ಅಜ್ಜಿಯ ಕಾಲದ ಕಲ್ಲೊರಳು. ಗುಂಡಿ ಇರುವ ಒರಳಲ್ಲ, ಮೊರದಷ್ಟು ಅಗಲದ ಕಲ್ಲಿನ ಹರಿವಾಣ. ಅವ್ವ ಅದರ ಹಿಂದೆ ಕೂರುತ್ತಾಳೆ. ಗಿರಾಕಿ ಬಂದು ಮೆಣಸಿನಕಾಯಿ ಎಷ್ಟು ಎಂದು ಹೇಳಿದ ಮೇಲೆಯೇ ಅರೆಯಲು ಶುರು. ಹುರಿದ ಕಡಲೆಕಾಯಿ ಬೀಜ, ತಾಳೆಬೆಲ್ಲ, ಬೆಳ್ಳುಳ್ಳಿ, ಸಿಪ್ಪೆ ಸಮೇತ ಹೆಚ್ಚಿದ ಕಲ್ಲುಬಾಳೆಕಾಯಿ, ಹುಣಸೆ ನೀರು, ಕೊನೆಗೆ ಪೆಟಿಸ್. ಸೀಗಡಿ ತಲೆಗಳನ್ನು ದಿನವಿಡೀ ಕುದಿಸಿ ಇಳಿಸಿದ ಕಪ್ಪು ಪಾಕ ಅದು. ಅದರ ಮೇಲೆ ಬೇಯಿಸಿದ ಹಸುವಿನ ಮೂತಿ, ಸೋಯಾ ಕಾಳು ಹುದುಗಿಸಿ ಮಾಡಿದ ಟೆಂಪೆ, ಸೊಪ್ಪು, ಮೊಳಕೆ, ಸೌತೆ, ಮಾವಿನಕಾಯಿ, ಅನಾನಸ್ ಎಲ್ಲ ಬಿದ್ದು, ಕಲ್ಲಿನ ಮೇಲೇ ಕಲೆತು ತಟ್ಟೆಗೆ ಜಾರುತ್ತದೆ. ಪೆಟಿಸ್ ಸರಿಯಿಲ್ಲದಿದ್ದರೆ ಉಳಿದದ್ದೆಲ್ಲ ದನದ ಮೇವು.

ರುಜಾಕ್ ಎಲ್ಲಿ ತಿನ್ನಬೇಕು ಎಂದು ಈ ಊರಿನಲ್ಲಿ ಗಂಡ ಹೆಂಡತಿ ಮಾತು ಬಿಡುತ್ತಾರೆ. ಪೆನೆಲೆಯವರು ಮಾತ್ರ ಜಗಳವಿಲ್ಲದೆ ನಮ್ಮ ಬೆಂಚಿಗೆ ಬರುತ್ತಿದ್ದರು. ಅಪ್ಪ ತೀರಿಕೊಂಡ ಮೇಲೆ ನಮ್ಮಿಬ್ಬರ ಹೊಟ್ಟೆ ನಡೆದದ್ದು ಆ ಗೋಡೆಯ ನೆರಳಿನಲ್ಲಿ. ಆ ಜಾಗ ಹೋದರೆ ಸುರಬಾಯಾದಲ್ಲಿ ನಮಗೆ ಇನ್ನೊಂದು ಗೋಡೆ ಇಲ್ಲ.

ಮಿಸ್ಕಾನನ ಗಾಳಿ ಎರಡು ದಿನದಲ್ಲಿ ಗಲ್ಲಿಯೆಲ್ಲ ತುಂಬಿತು. ಕೂತು ತಿನ್ನುವವರು ತಿನ್ನುತ್ತಲೇ ಅವ್ವನ ತುಟಿ ನೋಡತೊಡಗಿದರು. ಒಬ್ಬಳು ತಿನ್ನುವ ಮುಂಚೆ ತಟ್ಟೆಯ ಮೇಲೆ ಏನೋ ಓದಿ ಊದಿದಳು. ಆಮೇಲೆ ತಟ್ಟೆ ಖಾಲಿ ಮಾಡಿಯೇ ಎದ್ದಳು, ಅದು ಬೇರೆ ಮಾತು. ಬುಧವಾರ ಗಲ್ಲಿಯ ಮುಖ್ಯಸ್ಥ ಜುವಾರಿ ಬಂದ. ಜುವಾರಿ ಯಾರಿಗೂ ಬೇಸರ ಮಾಡಬಾರದೆಂದು ಹೋಗಿ ಎಲ್ಲರಿಗೂ ಬೇಸರ ಮಾಡುವ ಮನುಷ್ಯ.

"ಬು ಮಸ್ತೂರಾ, ನಾನಂತೂ ಇದನ್ನೆಲ್ಲ ನಂಬಲ್ಲ," ಎಂದ ಅವ್ವನಿಗೆ, ಬೆಂಚಿಗೆ ಮೈ ತಾಗದ ಹಾಗೆ ನಿಂತುಕೊಂಡು. "ಆದ್ರೆ ಇದು ನಮಾಜಿನ ಗೋಡೆ ನೋಡಿ. ಆ ಕಡೆ ದೇವರು, ಈ ಕಡೆ... ಜನ ಕೇಳ್ತಾರೆ. ಶುಕ್ರವಾರದೊಳಗೆ ಬಗೆಹರೀಬೇಕು. ಇಲ್ಲಾಂದ್ರೆ ಬೆಂಚು ಎತ್ತಬೇಕಾಗತ್ತೆ."

ನಾನು ಅವ್ವನನ್ನು ನೋಡಿದೆ. ಬೈಯುತ್ತಾಳೆ ಎಂದುಕೊಂಡೆ. ಮೀನಿನವಳ ಜೊತೆ ಒಂದು ಹಿಡಿ ಸೀಗಡಿಗೆ ಬೀದಿ ಕೇಳುವ ಹಾಗೆ ಜಗಳ ಆಡುವವಳು ಅವಳು. ಅವತ್ತು ಒದ್ದೆ ಬಟ್ಟೆ ತೆಗೆದುಕೊಂಡು ಕಲ್ಲು ಒರೆಸಿದಳು. ಒರೆಸಿದ ಕಡೆಯೇ ಮತ್ತೆ ಒರೆಸಿದಳು.

ಅವಳು ಸುಮ್ಮನಿದ್ದಷ್ಟೂ ನನ್ನ ತಲೆ ಬಿಸಿಯಾಯಿತು.

"ಪರೀಕ್ಷೆ ಮಾಡಿ," ಎಂದೆ. "ಶುಕ್ರವಾರ ಸಂಜೆಮುಂದೆ, ಅಸರ್ ನಮಾಜು ಮುಗಿದ ಮೇಲೆ. ಇಲ್ಲಿ ಒಂದು ತಟ್ಟೆ ತಿನ್ನಿ. ಇನ್ನೊಂದು ಕಟ್ಟಿಸ್ಕೊಂಡು ಹಾಜಿ ಜುಬೈದಿ ಅವರ ಮನೆಗೆ ತಗೊಂಡು ಹೋಗಿ ಅಲ್ಲಿ ತಿನ್ನಿ. ಕೂದಲೆಳೆಯಷ್ಟು ವ್ಯತ್ಯಾಸ ಇದ್ರೂ ಈ ಕಲ್ಲನ್ನ ನಾನೇ ಹೊತ್ಕೊಂಡು ಹೋಗಿ ಕಾಲಿಮಾಸ್ ಹೊಳೆಗೆ ಹಾಕ್ತೀನಿ."

"ಸುಕ್ರೋನ್," ಎಂದಳು ಅವ್ವ.

"ನೀನು ಸುಮ್ನಿರವ್ವ. ನಿನ್ನ ಪರವಾಗೇ ಮಾತಾಡ್ತಿದೀನಿ."

ಜುವಾರಿಯ ಮುಖ ಅರಳಿತು. ತೀರ್ಪನ್ನು ತನ್ನ ಬದಲು ಒಂದು ಪೊಟ್ಟಣ ಕೊಡುತ್ತದೆ ಎಂದರೆ ಅವನಿಗೆ ಅದಕ್ಕಿಂತ ಸುಖ ಬೇಡ. "ಒಳ್ಳೇ ಯೋಚನೆ. ಹಾಜಿಯವರು ತಿಂದು ಹೇಳಿದ್ರೆ ಯಾರೂ ಎರಡು ಮಾತಾಡಲ್ಲ," ಎಂದು ಹೋದ.

ಹಾಜಿಯ ಹೆಸರು ಎತ್ತಲು ನನಗೆ ಕಾರಣವಿತ್ತು. ಆ ಗೋಡೆ ಅವರ ತಂದೆ ಕಟ್ಟಿಸಿದ್ದು. ನಮ್ಮ ಅಜ್ಜಿಗೆ ಅಲ್ಲಿ ಕೂರಲು ಹೇಳಿದವರೂ ಅವರ ತಂದೆಯೇ. ಹಾಜಿ ನಮ್ಮ ಬೆಂಚಿನಲ್ಲಿ ಕೂತು ತಿಂದೇ ಮುದುಕರಾದವರು. ಎರಡು ವರ್ಷದ ಕೆಳಗೆ ಮಂಡಿ ಕೈಕೊಟ್ಟು, ತಗ್ಗು ಬೆಂಚಿನಲ್ಲಿ ಕೂತರೆ ಏಳಲಾಗದಂತಾಯಿತು. ಅಂದಿನಿಂದ ದಿನಾ ಮಧ್ಯಾಹ್ನ ಅವರ ಪೊಟ್ಟಣವನ್ನು ನಾನೇ ಮನೆಗೆ ಕೊಟ್ಟು ಬರುತ್ತೇನೆ. ಈ ಗಲ್ಲಿಯಲ್ಲಿ ನಮ್ಮ ಕಡೆ ಇರುವ ಮನುಷ್ಯ ಯಾರಾದರೂ ಇದ್ದರೆ ಅವರೇ ಎಂದು ನನ್ನ ಲೆಕ್ಕ.

ಅವತ್ತು ಪೊಟ್ಟಣ ಹಿಡಿದು ಹೊರಟವನು ತಿರುವಿನಲ್ಲಿ ಮಿಸ್ಕಾನನ ಮುಂದೆ ನಿಂತೆ.

"ಚಾಕ್, ಮನೆಯಲ್ಲಿ ಸಪ್ಪೆ ಅಂತ ನಿನಗೆ ಹೇಳಿದ್ದು ಯಾರು? ನೀನು ಒಂದು ದಿನವೂ ಕಟ್ಟಿಸ್ಕೊಂಡು ಹೋದವನಲ್ಲ. ಬೆಂಚಲ್ಲೇ ಕೂತು ಮೂತಿ ಜಾಸ್ತಿ ಹಾಕಿ ಅಂತ ಗೋಗರೆಯೋನು."

ಅವನು ನನ್ನ ಕೈಯಲ್ಲಿದ್ದ ಪೊಟ್ಟಣದ ಕಡೆ ಗಲ್ಲ ಎತ್ತಿ ತೋರಿಸಿದ. "ಅದನ್ನ ಯಾರಿಗೆ ಒಯ್ತಿದೀಯೋ ಅವರೇ ಹೇಳಿದ್ದು. ಹೋಗು, ಅವರ ಪಂಪನ್ನೂ ಚರಂಡಿಗೆ ಎಸಿ."

ಹಾಜಿ ಜಗಲಿಯ ಬೆತ್ತದ ಕುರ್ಚಿಯಲ್ಲಿ ಕಾಲು ಚಾಚಿಕೊಂಡು ಕೂತಿದ್ದರು. ನಾನು ಪೊಟ್ಟಣ ಕೊಡದೆ ಕೈಯಲ್ಲೇ ಇಟ್ಟುಕೊಂಡು ಕೇಳಿದೆ.

"ಅಬಾ ಹಾಜಿ, ನಮ್ಮ ರುಜಾಕ್‌ನಲ್ಲಿ ದೆವ್ವ ಇದೆ ಅಂತ ನೀವು ಹೇಳಿದ್ರಾ?"

"ಯಾವ ದೆವ್ವ?" ಅವರಿಗೆ ನಗು ಬಂತು. ನನ್ನ ಮುಖ ನೋಡಿ ನಗು ನಿಲ್ಲಿಸಿದರು. "ಮಿಸ್ಕಾನ್ ನನ್ನ ಗಾಲಿಕುರ್ಚಿಗೆ ಗಾಳಿ ಹೊಡಿಯೋಕೆ ಬಂದಿದ್ದ. ಮಾತಿಗೆ ಮಾತು ಬಂತು. ಅಲ್ಲಿ ಕೂತು ತಿಂತಿದ್ದಾಗ ಇದ್ದ ರುಚಿ ಈಗ ಇಲ್ಲ ಅಂದೆ. ಅಷ್ಟೇ ಅಂದಿದ್ದು. ಅಂಗಡಿ ತಪ್ಪು ಅಂತ ಅನ್ನಲಿಲ್ಲ ಮಗಾ. ನನ್ನ ನಾಲಿಗೆ ಹೋಗಿದೆ."

"ನಾಲಿಗೆ ಹೋಗಿದೆಯಾ?"

"ಮೊದಲು ರುಜಾಕ್ ಹೋಯ್ತು. ಈಗೀಗ ಕಾಫೀನೂ ಹಾಗೇ ಅನ್ಸತ್ತೆ. ಸೊಸೆ ಸಾರಿಗೆ ಉಪ್ಪು ಹಾಕಿದಾಳೋ ಇಲ್ಲವೋ ಅಂತ ಕೇಳೋಕೆ ಹೆದರಿಕೆ. ನಮ್ಮಪ್ಪನಿಗೂ ಹೀಗೇ ಆಗಿತ್ತು. ರುಚಿ ಹೋಯ್ತು ಅಂದ್ರು. ಅದಾದ ಮೇಲೆ ಬಹಳ ದಿನ ಇರಲಿಲ್ಲ." ಪೊಟ್ಟಣಕ್ಕೆ ಕೈ ಚಾಚಿದರು. "ಕೊಡು. ಅಭ್ಯಾಸ ಬಿಡಬಾರದು."

ಅವರು ತಿನ್ನುವುದನ್ನು ನಾನು ಅಲ್ಲಿಯವರೆಗೆ ನಿಂತು ನೋಡಿದವನಲ್ಲ. ಕೊಟ್ಟು ಓಡಿಬರುತ್ತಿದ್ದೆ. ಅವತ್ತು ನೋಡಿದೆ. ಬಾಯಿಗಿಟ್ಟುಕೊಂಡು, ಏನೋ ಕಳೆದುಹೋದದ್ದನ್ನು ಹುಡುಕುವವರ ಹಾಗೆ ನಿಧಾನ ಅಗಿದರು. ಸಿಕ್ಕಲಿಲ್ಲ. ಅರ್ಧಕ್ಕೇ ಮಡಚಿ, "ಬೆಕ್ಕಿಗೆ ಹಾಕು," ಎಂದು ನನ್ನ ಕೈಗಿಟ್ಟರು.

ಗಲ್ಲಿಯ ಮರೆಯಲ್ಲಿ ನಿಂತು ನಾನು ಆ ಉಳಿದರ್ಧವನ್ನು ಬಾಯಿಗೆ ಹಾಕಿಕೊಂಡೆ. ಬೆಳಗ್ಗೆ ತಾನೇ ಬೆಂಚಿನಲ್ಲಿ ಕೂತು ತಿಂದಿದ್ದೆ, ಆ ರುಚಿ ಇನ್ನೂ ಹಲ್ಲಿನ ಸಂದಿಯಲ್ಲಿತ್ತು. ಇದು ಅದಲ್ಲ. ಸಿಹಿ ಇತ್ತು, ಖಾರ ಇತ್ತು, ನಡುವೆ ಇರಬೇಕಾದದ್ದು ಇರಲಿಲ್ಲ. ಒದ್ದೆ ಕಾಗದ ಅಗಿದ ಹಾಗೆ.

ಹಾಗಾದರೆ ಮಿಸ್ಕಾನ್ ಹೇಳಿದ್ದು ನಿಜ.

ಆ ಗಳಿಗೆಯಿಂದ ನಾನು ನನ್ನ ಅವ್ವನನ್ನೇ ಕಾಯತೊಡಗಿದೆ. ತಟ್ಟೆ ತೊಳೆಯುವ ನೆಪದಲ್ಲಿ ಅವಳ ಬೆನ್ನ ಹಿಂದೆ ಕೂತು ಅವಳ ಮೊಣಕೈ ನೋಡುತ್ತಿದ್ದೆ. ಮಿಸ್ಕಾನ್ ಹೇಳಿದ್ದೆಲ್ಲ ಒಂದೊಂದಾಗಿ ಕಣ್ಣಿಗೆ ಬಿತ್ತು. "ಇಲ್ಲೇ ತಿಂತೀನಿ" ಎಂದವರಿಗೆ ಅವಳ ಕೈ ಒರಳಿನ ಪಕ್ಕದ ಮಡಕೆಗೆ ಹೋಗುತ್ತಿತ್ತು. "ಕಟ್ಟಿಕೊಡಿ" ಎಂದವರಿಗೆ ಕೆಳಗೆ ಹೋಗುತ್ತಿತ್ತು. ಬೆಂಚಿನ ಕೆಳಗೆ, ಅವಳ ಸೀರೆಯಂಥ ಉದ್ದ ಲುಂಗಿಯ ಮರೆಯಲ್ಲಿ, ಬಾಳೆಲೆ ಮುಚ್ಚಿದ ಇನ್ನೊಂದು ಗಡಿಗೆ. ಎಲೆ ಸರಿಸುವಾಗ ತುಟಿ ಅಲ್ಲಾಡುತ್ತಿತ್ತು. ಗಡಿಗೆಯನ್ನು ನಾನು ಮುಂಚೆಯೂ ನೋಡಿದ್ದೆ. ಏನೋ ಉಪ್ಪಿನಕಾಯಿ ಎಂದುಕೊಂಡಿದ್ದೆ. ನಮ್ಮ ಮನೆಯಲ್ಲಿ ಯಾರೂ ಉಪ್ಪಿನಕಾಯಿ ತಿನ್ನುವುದಿಲ್ಲ ಎಂಬುದು ಈಗ ನೆನಪಾಯಿತು.

ಹಿಂದಿನದೆಲ್ಲ ಬೇರೆ ಬಣ್ಣದಲ್ಲಿ ಕಾಣತೊಡಗಿತು. ಭಾನುವಾರ ಸಂಜೆ ನನ್ನನ್ನು ಏನಾದರೊಂದು ಕೆಲಸ ಹೇಳಿ ಹೊರಗೆ ಕಳಿಸುತ್ತಿದ್ದಳು. ಹಿಂದಿರುಗಿದಾಗ ಮನೆಯಲ್ಲಿ ಸುಟ್ಟ ವಾಸನೆ ಇರುತ್ತಿತ್ತು. ಕೇಳಿದರೆ ಮಂಡಿನೋವಿಗೆ ಕಷಾಯ ಎನ್ನುತ್ತಿದ್ದಳು. ಅವಳಿಗೆ ಯಾವತ್ತು ಮಂಡಿನೋವು ಬಂತು? ಮಂಡಿನೋವು ಹಾಜಿಗೆ. ಅವಳು ಹಾಜಿಯ ಮಂಡಿಯನ್ನೇ ಕಟ್ಟಿಹಾಕಿಸಿದ್ದಾಳೋ ಎಂಬಲ್ಲಿಗೆ ನನ್ನ ತಲೆ ಹೋಯಿತು. ಆ ಯೋಚನೆ ಬಂದದ್ದಕ್ಕೆ ಸಿಟ್ಟು ಬಂತು. ಸಿಟ್ಟು ಬಂದರೂ ಯೋಚನೆ ಹೋಗಲಿಲ್ಲ.

ಗುರುವಾರ ಮಧ್ಯಾಹ್ನದ ಝುಹರ್ ನಮಾಜಿನ ಹೊತ್ತಿಗೆ ಅವ್ವ ಮಸೀದಿಯೊಳಗೆ ಹೋದಳು. ಗಿರಾಕಿ ಯಾರೂ ಇರಲಿಲ್ಲ. ಗೋಡೆಯ ಆ ಕಡೆ ಇಮಾಮರ ದನಿ ಏಳುತ್ತಿತ್ತು. ನಾನು ಬೆಂಚಿನ ಕೆಳಗೆ ಬಗ್ಗಿದೆ. ಗೊತ್ತಿದ್ದ ಸೂರಾಗಳನ್ನೆಲ್ಲ ಓದಿಕೊಂಡೆ. ಅರ್ಧದಲ್ಲಿ ಮರೆತದ್ದನ್ನು ಮತ್ತೆ ಮೊದಲಿಂದ ಓದಿದೆ. ಒಳಗೆ ಏನಿರಬಹುದು? ಹೆಣಕ್ಕೆ ಹೊದಿಸಿದ ಬಟ್ಟೆಯ ಚೂರು, ಕೂದಲು, ಹಲ್ಲು. ಕಣ್ಣು ಮುಚ್ಚಿಕೊಂಡು ಎಲೆ ಎಳೆದೆ.

ಪೆಟಿಸ್.

ಕಪ್ಪಗೆ, ನುಣ್ಣಗೆ, ಗಡಿಗೆಯ ಕತ್ತಿನವರೆಗೆ ಪೆಟಿಸ್. ಸೌಟು ಹಾಕಿ ತಳದವರೆಗೆ ಕದಡಿದೆ. ಏನೂ ಸಿಕ್ಕಲಿಲ್ಲ. ಬೆರಳದ್ದಿ ನೆಕ್ಕಿದೆ. ಮರಗೆಣಸಿನ ಹಿಟ್ಟು ಅಂಗುಳಕ್ಕೆ ಮೆತ್ತಿಕೊಂಡಿತು. ಬಣ್ಣಕ್ಕೆ ಸುಟ್ಟ ಸಕ್ಕರೆ. ಎಲ್ಲೋ ದೂರದಲ್ಲಿ ಒಂದು ಸೀಗಡಿ ನೀರು ಮುಟ್ಟಿ ಹೋಗಿತ್ತು, ಅಷ್ಟೇ.

ನಾನು ನೆಲದ ಮೇಲೆ ಕೂತುಬಿಟ್ಟೆ. ದೆವ್ವ ಸಿಕ್ಕಿದ್ದರೆ ಓಡಿಹೋಗಬಹುದಿತ್ತು.

ಅವ್ವ ತಲೆಯ ಬಿಳಿ ಬಟ್ಟೆ ಮಡಚುತ್ತಾ ಬಂದಳು. ಗಡಿಗೆ ತೆರೆದಿರುವುದನ್ನು ನೋಡಿದಳು. ನನ್ನ ಬೆರಳು ನೋಡಿದಳು. ತನ್ನ ಜಾಗದಲ್ಲಿ ಕೂತಳು.

"ಎಷ್ಟು ದಿನದಿಂದ?" ಎಂದೆ.

"ಮೆಲ್ಲಗೆ ಮಾತಾಡು."

"ಎಷ್ಟು ದಿನದಿಂದ ಅವ್ವ?"

"ನಿಮ್ಮತ್ತೆ ಊರಲ್ಲಿ ಸೀಗಡಿ ಹೊಂಡ ಕೆಟ್ಟಾಗಿನಿಂದ. ಮುಂಚೆ ವಾರಕ್ಕೆ ನಾಕು ಜಾಡಿ ಪೆಟಿಸ್ ಕಳಿಸ್ತಿದ್ದಳು. ಈಗ ಒಂದು ಕಳಿಸೋಕೆ ಅಳ್ತಾಳೆ. ಒಂದು ಜಾಡೀಲಿ ವಾರ ಪೂರ್ತಿ ಎಲ್ಲರಿಗೂ ಹೇಗೆ ಹಾಕ್ಲಿ, ನೀನೇ ಹೇಳು."

"ಅದಕ್ಕೆ ಕಟ್ಟಿಸ್ಕೊಂಡು ಹೋಗೋರಿಗೆ ಈ ಅಂಟು?"

"ಎದುರಿಗೆ ಕೂತು ತಿನ್ನೋನ ಮುಖ ನನಗೆ ಕಾಣತ್ತೆ ಕಣೋ. ಕೆಟ್ಟದ್ದು ಹಾಕಿ ಆ ಮುಖ ನೋಡೋಕಾಗಲ್ಲ. ಕಟ್ಟಿಸ್ಕೊಂಡು ಹೋದೋರು ಎಲ್ಲೋ ತಿಂತಾರೆ."

"ಮತ್ತೆ ಬಾಯಲ್ಲಿ ಗೊಣಗೋದು? ಅದು ಯಾವ ಮಂತ್ರ?"

ಅವಳು ಕಲ್ಲಿನ ಗುಂಡನ್ನು ಅತ್ತಿತ್ತ ಉರುಳಿಸಿದಳು. "ಅಸ್ತಗ್ಫಿರುಲ್ಲಾ ಅಂತೀನಿ. ತಪ್ಪಾಯ್ತು ದೇವರೇ ಅಂತ. ಪ್ರತಿ ಸಲ ಅಂತೀನಿ."

ನನಗೆ ನಗು ಬಂದಿದ್ದರೆ ಚೆನ್ನಾಗಿತ್ತು. ಬರಲಿಲ್ಲ. "ಹಾಜಿಗೂ ಅವ್ವ? ಅವರಪ್ಪ ಕೊಟ್ಟ ಗೋಡೆಗೆ ಬೆನ್ನು ಕೊಟ್ಟು ಕೂತು ಅವರಿಗೂ ಇದೇನಾ? ಆ ಮನುಷ್ಯ ತನ್ನ ನಾಲಿಗೆ ಸತ್ತಿದೆ, ತಾನೂ ಸಾಯ್ತೀನಿ ಅಂತ ಕೂತಿದಾನೆ."

ಅವಳ ಕೈ ನಿಂತಿತು. ಇದು ಅವಳಿಗೆ ಗೊತ್ತಿರಲಿಲ್ಲ. ಅಷ್ಟರಲ್ಲಿ ಒಬ್ಬ ಬೈಕಿನಿಂದ ಇಳಿಯದೆ ಕೂಗಿದ. "ಬು, ಮೆಣಸಿನಕಾಯಿ ಮೂರು, ಮೂತಿ ಮೆತ್ತಗಿರೋ ಕಡೆಯಿಂದ. ಕಟ್ಟಿಕೊಡಿ."

ಅವ್ವ ನನ್ನನ್ನು ನೋಡಿದಳು. ನಾನು ಅವಳನ್ನು ನೋಡಿದೆ.

"ಪೆಟಿಸ್ ಮುಗಿದಿದೆ ಚಾಕ್, ನಾಳೆ ಬನ್ನಿ," ಎಂದೆ. ಅವನು ಮೂಗಿನಡಿ ಏನೋ ಹೇಳಿಕೊಂಡು ಹೋದ. ಅದು ದೆವ್ವದ ವಿಷಯವೇ ಇರಬೇಕು.

"ನಾಳೆ ಎರಡಕ್ಕೂ ಮೇಲಿನ ಮಡಕೆಯದ್ದೇ ಹಾಕು," ಎಂದೆ. "ಎರಡೂ ಒಂದೇ ರುಚಿ ಬರತ್ತೆ. ಜುವಾರಿ ಬಾಯಿ ಮುಚ್ಚತ್ತೆ. ಜಾಗ ಉಳಿಯತ್ತೆ. ಆಮೇಲೆ ನಿನ್ನ ಹತ್ತಿರ ಮಾತಾಡ್ತೀನಿ."

"ಹಾಜಿಗೆ ಗೊತ್ತಾಗತ್ತೆ."

"ಏನು ಗೊತ್ತಾಗತ್ತೆ? ಚೆನ್ನಾಗಿದೆ ಅಂತ ಗೊತ್ತಾಗತ್ತೆ."

"ಅದೇ," ಎಂದಳು ಅವ್ವ.

ಶುಕ್ರವಾರ ಅಸರ್ ಮುಗಿಯುತ್ತಿದ್ದಂತೆ ಜುವಾರಿ ಇಸ್ತ್ರಿ ಮಾಡಿದ ಬಾತಿಕ್ ಅಂಗಿ ಹಾಕಿಕೊಂಡು ಬಂದ, ಮದುವೆಗೆ ಬಂದವನ ಹಾಗೆ. ಹಿಂದೆ ಮಿಸ್ಕಾನ್. ಅವನ ಹಿಂದೆ ಅರ್ಧ ಗಲ್ಲಿ. ಮಿಸ್ಕಾನ್ ಪೊಲೀಸಿನವನ ಠೀವಿಯಲ್ಲಿ ಬೆಂಚಿನ ಸುತ್ತ ಬಂದು, ಬಗ್ಗಿ, ಕೆಳಗೆ ನೋಡಿದ. ಗಡಿಗೆ ಅಲ್ಲೇ ಇತ್ತು. ಬೆಳಗ್ಗೆ ಅದನ್ನು ಮನೆಗೆ ಒಯ್ಯೋಣ ಎಂದರೆ ಅವ್ವ ಬಿಟ್ಟಿರಲಿಲ್ಲ. ಎರಡು ವರ್ಷದಿಂದ ಇದ್ದದ್ದು ಇವತ್ತು ಇಲ್ಲವಾದರೆ ಇನ್ನೂ ಕೆಟ್ಟದು ಎಂದಿದ್ದಳು.

"ಇದೇನು ಬು? ಈ ಗಡಿಗೆ?"

"ಪೆಟಿಸ್," ಎಂದಳು ಅವ್ವ.

"ಮೇಲೊಂದು ಪೆಟಿಸ್, ಕೆಳಗೊಂದು ಪೆಟಿಸ್?"

ಅವ್ವ ಗಡಿಗೆಯನ್ನು ತಾನೇ ಎತ್ತಿ ಬೆಂಚಿನ ಮೇಲಿಟ್ಟು ಎಲೆ ತೆಗೆದಳು. "ನೋಡು."

ಮಿಸ್ಕಾನ್ ನೋಡಿದ. ಒಂದು ಕಡ್ಡಿ ತೆಗೆದುಕೊಂಡು ತಳದವರೆಗೆ ಚುಚ್ಚಿದ, ತಿರುಗಿಸಿದ, ಎತ್ತಿ ಬೆಳಕಿಗೆ ಹಿಡಿದ. ಕೂದಲು ಇಲ್ಲ, ಹಲ್ಲು ಇಲ್ಲ. ಮೂಸಿದ. ಜನರೆಲ್ಲ ಕತ್ತು ಚಾಚಿ ನಿಂತಿದ್ದರು. ಕಡ್ಡಿಯ ತುದಿಯಿಂದ ಹಿಟ್ಟಿನ ಅಂಟು ಹಗ್ಗದ ಹಾಗೆ ಇಳಿಯುತ್ತಿತ್ತು, ಎಲ್ಲರ ಕಣ್ಣೆದುರೇ. ಹೆಣ ಹುಡುಕುತ್ತಿದ್ದವರ ಕಣ್ಣಿಗೆ ಹಿಟ್ಟು ಬೀಳಲಿಲ್ಲ.

"ಪೆಟಿಸೇ," ಎಂದ, ಬೇಜಾರಿನಲ್ಲಿ.

ಅವ್ವ ಅರೆದಳು. ನಾನು ಕಣ್ಣು ಮಿಟುಕಿಸದೆ ನೋಡಿದೆ. ಎರಡಕ್ಕೂ ಮೇಲಿನ ಮಡಕೆಯದ್ದೇ ಹಾಕಿದಳು. ಒಂದನ್ನು ಜುವಾರಿ ಅಲ್ಲೇ ನಿಂತು ತಿಂದ, ಮುಖ್ಯಸ್ಥನ ಗತ್ತಿಗೆ ತಕ್ಕಂತೆ ಸ್ವಲ್ಪವೇ ತಿನ್ನಬೇಕೆಂದು ಶುರು ಮಾಡಿ ಪೂರ್ತಿ ತಿಂದ. ಇನ್ನೊಂದನ್ನು ಎಲೆಯಲ್ಲಿ, ಎಲೆಯ ಮೇಲೆ ಕಾಗದದಲ್ಲಿ ಕಟ್ಟಿ, ರಬ್ಬರ್ ಬ್ಯಾಂಡು ಸುತ್ತಿ ಕೊಟ್ಟಳು. ಪೊಟ್ಟಣವನ್ನು ನನ್ನ ಕೈಗೆ ಕೊಡದೆ ಜುವಾರಿಯೇ ಹಿಡಿದುಕೊಂಡ. ಅವ್ವನೂ ಎದ್ದಳು. ಅಂಗಡಿ ಬಿಟ್ಟು ಅವಳು ಹೊರಟದ್ದನ್ನು ನಾನು ನೋಡಿದ್ದು ಅಪ್ಪ ಸತ್ತ ದಿನ, ಮತ್ತೆ ಅವತ್ತು.

ಹಾಜಿಯ ಜಗಲಿಯಲ್ಲಿ ಜುವಾರಿ ಮೊದಲ ತುತ್ತು ತಿಂದ. "ಅದೇ," ಎಂದ. ಇನ್ನೊಂದು ತುತ್ತು ತೆಗೆದುಕೊಳ್ಳಲು ಹೋದವನ ಕೈಯನ್ನು ಮಿಸ್ಕಾನ್ ತಡೆದು ತಾನು ತಿಂದ. ಅಗಿದ. ಮತ್ತೆ ಅಗಿದ. ಮುಖ ಹುಳ್ಳಗಾಯಿತು.

"ಹೇಳು," ಎಂದೆ.

"ಅದೇ ಕಣಯ್ಯ. ಇವತ್ತು ಜುಮ್ಮಾ. ದೆವ್ವಾನೂ ರಜಾ ಹಾಕಿರಬಹುದು."

ಜನ ನಕ್ಕರು. ನಕ್ಕಿದ್ದೇ ತಡ, ಇಷ್ಟು ದಿನ ಗಲ್ಲಿಯ ಮೇಲೆ ಕೂತಿದ್ದ ಭಾರ ಇಳಿದ ಹಾಗಾಯಿತು. ಜುವಾರಿ ಪೊಟ್ಟಣವನ್ನು ಹಾಜಿಯ ಮುಂದಿಟ್ಟು, "ನೀವೂ ಒಂದು ಬಾಯಿ. ಲೆಕ್ಕಕ್ಕೆ," ಎಂದ.

ಹಾಜಿ ತಿಂದರು. ಮೊದಲು ಯಾವಾಗಲೂ ಹುಡುಕುವ ಹಾಗೆ ನಿಧಾನ ಅಗಿದರು. ನಡುವೆ ನಿಂತರು. ಕಣ್ಣು ಮೇಲೆತ್ತಿದರು. ಮತ್ತೆ ಅಗಿದರು, ಈಗ ಹುಡುಕುತ್ತಿರಲಿಲ್ಲ. ಎರಡನೇ ತುತ್ತು. ಮೂರನೇ ತುತ್ತು. ಯಾರ ಕಡೆಯೂ ನೋಡದೆ ಎಲೆಯ ಅಂಚನ್ನು ಬೆರಳಿನಿಂದ ಬಳಿದು ನೆಕ್ಕಿದರು. ಸೊಸೆಯನ್ನು ಕರೆದು ಕಾಫಿ ತರಿಸಿ ಒಂದು ಗುಟುಕು ಕುಡಿದರು. ಎಲ್ಲರೂ ಕಾಯುತ್ತಿದ್ದೆವು.

"ಕಾಫಿ ಚೆನ್ನಾಗಿದೆ," ಎಂದರು. "ಹಾಗಾದ್ರೆ ನನ್ನ ನಾಲಿಗೆ ಸರಿಯಾಗೇ ಇದೆ."

"ರುಜಾಕ್ ವಿಷಯ ಹೇಳಿ ಅಬಾ ಹಾಜಿ," ಎಂದ ಜುವಾರಿ.

"ರುಜಾಕ್ ಬು ಮಸ್ತೂರಾದೇ. ಬೆಂಚು ಅಲ್ಲೇ ಇರಲಿ." ಅಷ್ಟು ಹೇಳಿ ಅವರು ಅವ್ವನ ಕಡೆ ತಿರುಗಿದರು. ಅವ್ವ ಮೆಟ್ಟಿಲ ಕೆಳಗೆ, ಜನರ ಹಿಂದೆ ನಿಂತಿದ್ದಳು. ಅವರು ಅವಳನ್ನು ನೋಡಿದ್ದು ಎಷ್ಟು ಹೊತ್ತೋ. ಅವಳು ತಲೆ ಬಗ್ಗಿಸಲಿಲ್ಲ. ಬಗ್ಗಿಸಿದ್ದರೆ ನನಗೆ ವಾಸಿ ಇತ್ತು. ನೆಟ್ಟಗೆ ನಿಂತೇ ಇದ್ದಳು.

"ನಾಳೆಯಿಂದ ನಾನೇ ಅಲ್ಲಿಗೆ ಬಂದು ತಿಂತೀನಿ," ಎಂದರು ಹಾಜಿ.

"ನಿಮ್ಮ ಮಂಡಿ?" ಎಂದ ಜುವಾರಿ.

"ಮಂಡಿ ನನ್ನದು. ನೋಯಲಿ ಬಿಡಿ."

ಜನ ಚದುರಿದರು. ಗೆದ್ದೆವು ಎಂದು ಯಾರೋ ನನ್ನ ಬೆನ್ನು ತಟ್ಟಿದರು. ನನಗೆ ಆ ಕೈ ಮುರಿಯಬೇಕೆನಿಸಿತು.

ಮರುದಿನ ಹಾಜಿ ಊರುಗೋಲಿನ ಜೊತೆ ಬಂದರು. ಗಾಲಿಕುರ್ಚಿಯನ್ನು ತಿರುವಿನಲ್ಲೇ ಮಿಸ್ಕಾನನ ಬಳಿ ಬಿಟ್ಟು ಅಲ್ಲಿಂದ ನಡೆದು ಬಂದಿದ್ದರು. ಬೆಂಚಿನ ಮುಂದೆ ಕೂರಲಿಲ್ಲ. ಪ್ಲಾಸ್ಟಿಕ್ ಸ್ಟೂಲು ತರಿಸಿಕೊಂಡು ಅವ್ವನ ಪಕ್ಕಕ್ಕೇ ಹಾಕಿಸಿ ಕೂತರು. ಊರುಗೋಲನ್ನು ಬೆಂಚಿನ ಕೆಳಗೆ ಮಲಗಿಸಿದರು. ಅದರ ಹಿಡಿ ಸರಿಯಾಗಿ ಗಡಿಗೆಯ ಬಾಯಿಯ ಮೇಲೆ ಬಿತ್ತು. ಬೇಕೆಂದೇ ಇಟ್ಟರೋ, ಹಾಗೇ ಬಿತ್ತೋ, ನನಗೆ ತಿಳಿಯಲಿಲ್ಲ. ಅವರ ಮುಖದಲ್ಲಿ ಏನೂ ಇರಲಿಲ್ಲ. ತಿಂದರು. ತಿಂದ ಮೇಲೂ ಏಳಲಿಲ್ಲ.

ಒಬ್ಬ ಹೆಂಗಸು ಬಂದು ಕಟ್ಟಿಕೊಡಿ ಎಂದಳು. ಅವ್ವನ ಕೈ ಅಭ್ಯಾಸದಿಂದ ಕೆಳಗೆ ಹೋಯಿತು. ಊರುಗೋಲು ತಾಗಿತು. ಹಾಜಿ ಮಸೀದಿಯ ಮಾಡಿನ ಮೇಲಿನ ಪಾರಿವಾಳ ನೋಡುತ್ತಿದ್ದರು. ಅವ್ವನ ಕೈ ಮೇಲೆ ಬಂದು ಮೇಲಿನ ಮಡಕೆಗೆ ಹೋಯಿತು. ತುಟಿ ಅಲ್ಲಾಡಲಿಲ್ಲ.

ಹೀಗೆ ದಿನಾ ಬಂದರು. ಒಂದು ಮಾತು ಆಡಲಿಲ್ಲ. ಅದೇ ನನ್ನನ್ನು ತಿಂದದ್ದು. ಗೊತ್ತಿದ್ದರೆ ಬೈಯಬೇಕು. ಗೊತ್ತಿಲ್ಲದಿದ್ದರೆ ಮನೆಗೆ ಹೋಗಬೇಕು. ಹೀಗೆ ಪಕ್ಕದಲ್ಲಿ ಕೂತು ಪಾರಿವಾಳ ನೋಡುವುದು ಎಂಥ ಶಿಕ್ಷೆ? ಒಂದು ಜಾಡಿ ಪೆಟಿಸ್ ವಾರಕ್ಕೆ ಸಾಲದೆ ಅಂಗಡಿ ಅಸರ್‌ಗೆ ಮುಂಚೆಯೇ ಮುಚ್ಚತೊಡಗಿತು. ತಡವಾಗಿ ಬಂದವರು ಬರಿಗೈಲಿ ಹೋದರು. ಮಿಸ್ಕಾನ್ ಹೊಸ ಕಥೆ ಕಟ್ಟಿದ: ಹಾಜಿ ಪಕ್ಕದಲ್ಲಿ ಕೂತು ಏನೋ ಓದುತ್ತಾರೆ, ಅದಕ್ಕೇ ಮಾಲು ಇಷ್ಟು ಬೇಗ ಖಾಲಿ.

ಒಂದು ಮಧ್ಯಾಹ್ನ ಹಾಜಿ ತಿಂದು ಮುಗಿಸಿ, ಯಾವತ್ತೂ ಇಲ್ಲದೆ ಬೇಗ ಎದ್ದರು. ಬಗ್ಗಿ ಊರುಗೋಲು ತೆಗೆದುಕೊಂಡರು.

"ಬು ಮಸ್ತೂರಾ, ಸಂಜೆಗೆ ಒಂದು ಕಟ್ಟಿಡಿ. ಸುಕ್ರೋನ್ ತಂದುಕೊಡ್ಲಿ. ಮಂಡಿ ಕೇಳ್ತಿಲ್ಲ. ನಾಳೆಯಿಂದ ಮುಂಚಿನ ಹಾಗೇ ಮನೆಗೆ ಕಳಿಸಿಬಿಡಿ."

ಹೋದರು. ಹಿಂತಿರುಗಿ ನೋಡಲಿಲ್ಲ.

ನಾನು ತಟ್ಟೆಗಳ ರಾಶಿಯ ಮುಂದಿದ್ದೆ. ಕೈ ತುಂಬ ಸೋಪು. ಎದ್ದು ಬರುವಷ್ಟರಲ್ಲಿ ಅವ್ವ ಅರೆದು ಕಟ್ಟಿ ಮುಗಿಸಿದ್ದಳು. ಯಾವ ಮಡಕೆಯಿಂದ ತೆಗೆದಳು ಎಂದು ನಾನು ನೋಡಲಿಲ್ಲ. ಕೇಳಲೂ ಇಲ್ಲ. ಕೇಳಿದರೆ ಒಳ್ಳೆಯದೇ ಎನ್ನುತ್ತಾಳೆ. ಆ ಮಾತನ್ನು ನಾನು ನಂಬುತ್ತೇನೆಯೇ?

ಗಲ್ಲಿಯ ಮರೆ ಬಂದ ಕೂಡಲೇ ರಬ್ಬರ್ ಬ್ಯಾಂಡು ಬಿಚ್ಚಿದೆ. ಬೆರಳದ್ದಿದೆ. ನಾಲಿಗೆಗೆ ಮೊದಲು ಸಿಹಿ, ಆಮೇಲೆ ಕಲ್ಲುಬಾಳೆಯ ಒಗರು, ಅದರ ಹಿಂದಿನಿಂದ, ಮೂಗಿನವರೆಗೆ ಏರುವ ಸೀಗಡಿಯ ಗಾಢ ರುಚಿ. ಮೇಲಿನ ಮಡಕೆಯದ್ದೇ. ತಳ ಕೆರೆದು ಹಾಕಿದ್ದಳು ಎಂದು ಕಾಣುತ್ತದೆ, ಮಡಕೆಯ ಮಣ್ಣಿನ ಒಂದು ಹರಳು ಹಲ್ಲಿಗೆ ಸಿಕ್ಕಿತು.

ಹಾಜಿ ಪೊಟ್ಟಣ ತೆಗೆದುಕೊಂಡು ತಿರುಗಿಸಿ ನೋಡಿದರು. ಅವ್ವ ಮೂರು ಸುತ್ತು ಸುತ್ತುವ ರಬ್ಬರ್ ಬ್ಯಾಂಡು ಈಗ ಎರಡೇ ಸುತ್ತು ಇತ್ತು.

"ಬಿಚ್ಚಿದೆಯಾ?"

"ಹೂಂ."

"ಅವ್ವನ ಮೇಲೆ ಅನುಮಾನ."

ನಾನು ಬೆರಳನ್ನು ಬಟ್ಟೆಗೆ ಒರೆಸಿಕೊಂಡೆ.

"ನೀನು ಬಿಚ್ಚದೇ ಇದ್ದಿದ್ರೆ ನಾನೇ ನಿನ್ನ ಕೈಲಿ ಬಿಚ್ಚಿಸಿ ಮೊದಲ ತುತ್ತು ತಿನ್ನಿಸ್ತಿದ್ದೆ," ಎಂದರು. "ಅನುಮಾನ ನನಗೂ ಇನ್ನೂ ಹೋಗಿಲ್ಲ. ಹೇಳು, ಏನಿದೆ ಒಳಗೆ?"

"ಒಳ್ಳೇದೇ ಇದೆ."

"ಕೂತ್ಕೋ ಹಾಗಾದ್ರೆ."

ಜಗಲಿಯ ಮೇಲೆ ಎಲೆ ಬಿಚ್ಚಿ ನಡುವೆ ಇಟ್ಟುಕೊಂಡು ಇಬ್ಬರೂ ತಿಂದೆವು. ಈಗಲೂ ದಿನಾ ಮಧ್ಯಾಹ್ನ ಪೊಟ್ಟಣ ಒಯ್ಯುತ್ತೇನೆ. ಗಲ್ಲಿಯ ಮರೆಯಲ್ಲಿ ನಿಲ್ಲುತ್ತೇನೆ. ಬಿಚ್ಚುತ್ತೇನೆ. ಬ್ಯಾಂಡನ್ನು ಎರಡೇ ಸುತ್ತು ಹಾಕುತ್ತೇನೆ, ಹಾಜಿಗೆ ಗೊತ್ತಾಗಲೆಂದು.